ಉದ್ಯಮಗಳಲ್ಲಿ ಉತ್ತರಾಧಿಕಾರ: ರಾಂಜಣಗಾಂವದ ದಾರಿಯ ಕೆಲವು ನಿದರ್ಶನಗಳು

ಪುಣೆಯಿಂದ ಅಹಮದನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಪುಣೆಗೆ ಸುಮಾರು ಐವತ್ತು ಕಿಲೋಮೀಟರುಗಳ ದೂರದಲ್ಲಿ, ಶಿರೂರು ತಾಲೂಕಿಗೆ ಸೇರಿದ ರಾಂಜಣಗಾಂವ ಎಂಬ ಗ್ರಾಮವಿದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದೆಂದು ಅದು ಪ್ರಸಿದ್ಧವಾದುದು. ಅಲ್ಲಿಯ ಮಹಾಗಣಪತಿಯ ಮೂರ್ತಿಗೆ ನೆಲಮಾಳಿಗೆಯ ಗರ್ಭಗೃಹವನ್ನು ಕಟ್ಟಿಸಿದವನು ಮೊದಲನೆಯ ಮಾಧವರಾವ್ ಪೇಶ್ವೆಯೆಂದೂ, ದಂಡಯಾತ್ರೆಗೆ ಹೊರಡುವಾಗ ಅವನು ಇಲ್ಲಿ ಇಳಿದು ದರ್ಶನ ಪಡೆಯುತ್ತಿದ್ದನೆಂದೂ ಪ್ರತೀತಿಯಿದೆ. ಇಂದು ಅದೇ ಗ್ರಾಮದ ಹೆಸರು ಬೇರೊಂದು ಕಾರಣದಿಂದಲೂ ದೇಶವಿದೇಶಗಳಲ್ಲಿ ಕೇಳಿಬರುತ್ತದೆ. ಮಹಾರಾಷ್ಟ್ರ ಸರಕಾರದ ಔದ್ಯೋಗಿಕ ವಿಕಾಸ ಮಹಾಮಂಡಳವು ನಿರ್ಮಿಸಿದ ವಸಾಹತಿನಲ್ಲಿ ಇಟಲಿಯ ಮೋಟಾರು ಕಂಪನಿ, ಅಮೇರಿಕೆಯ ಫ್ರಿಜ್ಜಿನ ಕಂಪನಿ, ಕೊರಿಯದ ಗೃಹೋಪಕರಣಗಳ ಕಂಪನಿ ಮುಂತಾದವುಗಳ ಕಾರಖಾನೆಗಳು ನೆಲೆಸಿವೆ. ದೇವಸ್ಥಾನದ ಕಡೆಗೆ ಯಾತ್ರಿಕರೂ, ಕಾರಖಾನೆಗಳ ಕಡೆಗೆ ಕಾರ್ಮಿಕರೂ ಎಂಜಿನಿಯರರೂ ಒಂದೇ ರಸ್ತೆಯಲ್ಲಿ ಸಾಗುತ್ತಾರೆ. ಆ ಎಂಜಿನಿಯರರಲ್ಲಿ ಕನ್ನಡಿಗರು ಇಲ್ಲದಿಲ್ಲ.

ಹದಿನೆಂಟನೆಯ ಶತಮಾನದ ಪೇಶ್ವೆ, ಇಪ್ಪತ್ತೊಂದನೆಯ ಶತಮಾನದ ಕಂಪನಿ: ಇವೆರಡಕ್ಕೂ ಏನು ಸಂಬಂಧವೆಂದು ಕೇಳಬಹುದು. ಬೆಳೆಯುತ್ತಿರುವ ಯಾವ ಸಂಸ್ಥೆಗೂ, ಅದು ರಾಜ್ಯವಾಗಿರಲಿ ವ್ಯಾಪಾರವಾಗಿರಲಿ, ತಪ್ಪದೆ ಎದುರಾಗುವ ಒಂದು ಪ್ರಶ್ನೆಯಿದೆ: ಕಟ್ಟಿದವನ ಅನಂತರ ನಡೆಸುವವನಾರು? ಅವನು ಮಗನಾಗಬೇಕೊ, ಮನೆಯಲ್ಲಿ ಬೆಳೆದ ಕಾರಕೂನನಾಗಬೇಕೊ, ಹೊರಗಿನಿಂದ ಕರೆತಂದ ನಿಪುಣನಾಗಬೇಕೊ? ಈ ಪ್ರಶ್ನೆಗೆ ಪುಣೆಯ ಪ್ರಾಂತದಲ್ಲಿಯೂ ಕನ್ನಡನಾಡಿನಲ್ಲಿಯೂ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಹೆಚ್ಚಾಗಿ ನಡೆದಂತೆ ತೋರುವುದಿಲ್ಲ.

ಪೇಶ್ವೆಯ ಪದವಿಯು ಮೂಲತಃ ವಂಶಪಾರಂಪರ್ಯವಾದುದಾಗಿರಲಿಲ್ಲ. 1713ರಲ್ಲಿ ಶಾಹು ಮಹಾರಾಜನು ಬಾಳಾಜಿ ವಿಶ್ವನಾಥನನ್ನು ಆ ಪದವಿಗೆ ಆರಿಸಿದ್ದು ಅವನ ಕಾರ್ಯದಕ್ಷತೆಯನ್ನು ಕಂಡು. 1720ರಲ್ಲಿ ಅವನು ತೀರಿಕೊಂಡಾಗ ಇಪ್ಪತ್ತರ ಹರೆಯದ ಮಗ ಬಾಜೀರಾವನಿಗೆ ಅಧಿಕಾರ ಕೊಡುವುದು ಉಚಿತವೆ ಎಂಬ ಚರ್ಚೆ ದರಬಾರಿನಲ್ಲಿ ಎದ್ದಿತು. ಆ ನೇಮಕವನ್ನು ವಿರೋಧಿಸಿದವರಲ್ಲಿ ಶ್ರೀಪತರಾವ್ ಪ್ರತಿನಿಧಿ ಪ್ರಮುಖನು. ಶಾಹು ಆ ತರುಣನನ್ನೇ ಆರಿಸಿದನು, ಆಯ್ಕೆ ಸಾರ್ಥಕವಾಯಿತು. ಆದರೆ ಒಂದು ಸಾರ್ಥಕವಾದ ಆಯ್ಕೆಯೇ ಮುಂದೆ ರೂಢಿಯಾಗಿ, ಪದವಿಯು ಮನೆತನದ ಸೊತ್ತಾಯಿತು. 1761ರಲ್ಲಿ, ಪಾಣಿಪತ್ತಿನ ಸೋಲಿನ ಬೆನ್ನಿಗೇ, ಹದಿನಾರು ವರ್ಷದ ಮಾಧವರಾಯನು ಪೇಶ್ವೆಯಾದನು. ಚಿಕ್ಕಪ್ಪ ರಘುನಾಥರಾಯನ ಅಧಿಕಾರಲಾಲಸೆಯನ್ನು ಹತ್ತಿಕ್ಕುತ್ತ, ಹೈದರಲಿಯ ಮೇಲೆ ಕರ್ನಾಟಕಕ್ಕೆ ಮೇಲಿಂದ ಮೇಲೆ ದಂಡೆತ್ತಿ ಬರುತ್ತ, ಅವನು ಹನ್ನೊಂದೇ ವರ್ಷಗಳಲ್ಲಿ ಕೆಟ್ಟುಹೋದ ಆಡಳಿತವನ್ನು ಮತ್ತೆ ನಿಲ್ಲಿಸಿದನು. ಅವನ ನಿಜವಾದ ಹಿರಿಮೆಯಿರುವುದು ತಾನು ಗೆದ್ದ ಕೋಟೆಗಳಲ್ಲಿ ಅಲ್ಲ, ತಾನು ಬೆಳೆಸಿದ ಮನುಷ್ಯರಲ್ಲಿ. ನಾನಾ ಫಡಣವೀಸ, ಹರಿಪಂತ ಫಡಕೆ, ಮಹಾದಜಿ ಶಿಂದೆ ಮೊದಲಾದವರು ಪಳಗಿದ್ದು ಅವನ ಕಾಲದಲ್ಲಿಯೇ. 1772ರಲ್ಲಿ ಥೇವೂರಿನಲ್ಲಿ ಅವನು ಅಕಾಲಮರಣವನ್ನು ಹೊಂದಿ, ಮರುವರ್ಷವೇ ತಮ್ಮ ನಾರಾಯಣರಾಯನ ಕೊಲೆಯಾದಾಗ, ರಾಜ್ಯವು ಕುಸಿಯದೆ ಉಳಿದದ್ದು ಈ ಮುತ್ಸದ್ದಿಗಳು ‘ಬಾರಭಾಯಿ’ ಎಂಬ ಕೂಟವನ್ನು ಕಟ್ಟಿ, ತೊಟ್ಟಿಲ ಕೂಸಿನ ಹೆಸರಿನಲ್ಲಿ ಆಡಳಿತ ನಡೆಸಿದ್ದರಿಂದ. ಪೀಠ ರಕ್ತಸಂಬಂಧಕ್ಕೆ, ಕೆಲಸ ಪ್ರತಿಭೆಗೆ ಎಂಬ ಈ ವಿಭಾಗ ಕಾಲು ಶತಮಾನದ ಕಾಲ ನಡೆಯಿತು. 1800ರಲ್ಲಿ ನಾನಾ ತೀರಿಕೊಂಡನು. ಅವನು ತನ್ನಂಥವನೊಬ್ಬನನ್ನು ಬೆಳೆಸಿರಲಿಲ್ಲ. 1818ರ ಹೊತ್ತಿಗೆ ಪೇಶ್ವಾಯಿಯೇ ಉಳಿಯಲಿಲ್ಲ.

ಬಾಜೀರಾವನ ನೇಮಕವನ್ನು ವಿರೋಧಿಸಿದ ಪ್ರತಿನಿಧಿಯ ಮನೆತನಕ್ಕೆ ಸೇರಿದವರೇ ಔಂಧ ಸಂಸ್ಥಾನದ ಅರಸರು. ಎರಡು ಶತಮಾನಗಳು ಸರಿಯುತ್ತ ಬಂದಾಗ, ಅದೇ ಮನೆತನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು, ನೆಲೆತಪ್ಪಿ ನಿಂತಿದ್ದ ಒಬ್ಬ ನೇಗಿಲು ತಯಾರಕನಿಗೆ ಕುಂಡಲ್ ರೋಡ್ ರೈಲುನಿಲ್ದಾಣದ ಬಳಿ ಮೂವತ್ತೆರಡು ಎಕರೆ ಬರಡು ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. ಆ ನೇಗಿಲು ತಯಾರಕರು ಲಕ್ಷ್ಮಣರಾವ್ ಕಿರ್ಲೋಸ್ಕರ, ಇಸವಿ 1910.

ಲಕ್ಷ್ಮಣರಾಯರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಊರು ಕನ್ನಡದ್ದು. ಮರಾಠಿ ಸಂಗೀತ ರಂಗಭೂಮಿಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಗುರ್ಲಹೊಸೂರಿನಂಥ ಒಂದು ಹಳ್ಳಿ ಪುಣೆಗೆ ಎರಡು ಬಗೆಯ ‘ಕಂಪನಿ’ಗಳನ್ನು ಕೊಟ್ಟಿತೆಂಬುದು ಸ್ಮರಣೀಯ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿ ಹೆಸರಾದ ಅಣ್ಣಾಸಾಹೇಬರು ಐದೇ ವರ್ಷಗಳಲ್ಲಿ, 1885ರಲ್ಲಿ, ತೀರಿಕೊಂಡರು. ಆದರೂ ಅವರ ನಾಟಕ ಕಂಪನಿ ಮುಚ್ಚಲಿಲ್ಲ. ಅವರು ಆರಿಸಿ ತಂದಿದ್ದ ಭಾವುರಾವ್ ಕೊಲ್ಹಟಕರರ ಕಂಠವು ಅದನ್ನು ಮುಂದೆ ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಹೊತ್ತು ನಡೆಯಿತು. ಅವರ ತರುವಾಯ 1905ರಲ್ಲಿ ಬಾಲಗಂಧರ್ವರು ಬಂದರು. 1913ರಲ್ಲಿ ಬಾಲಗಂಧರ್ವರು ಹೊರಬಿದ್ದು ತಮ್ಮದೇ ಮಂಡಳಿಯನ್ನು ಕಟ್ಟಿದರು. ಪ್ರತಿಭೆಗೆ ತಕ್ಕ ಪಾಲು ಇದ್ದಲ್ಲಿಯೇ ದೊರೆಯದಿದ್ದರೆ ಅದು ಹೊರಗೆ ಹೋಗಿ ಸ್ವಂತ ಗುಡಾರ ಹಾಕುತ್ತದೆ ಎಂಬುದನ್ನು ನಾಟಕದ ಕಂಪನಿಗಳು ಕಾರಖಾನೆಗಳಿಗಿಂತ ಮೊದಲೇ ಅರಿತಿದ್ದವು.

ಲಕ್ಷ್ಮಣರಾಯರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದವರು. ತಮಗೆ ಸಲ್ಲಬೇಕಾಗಿದ್ದ ಬಡತಿ ಬೇರೊಬ್ಬರಿಗೆ ಹೋದಾಗ ರಾಜೀನಾಮೆ ಕೊಟ್ಟು, ಅಣ್ಣ ರಾಮಚಂದ್ರರಾಯರು (ರಾಮುಅಣ್ಣ) 1888ರಿಂದ ಬೆಳಗಾವಿಯಲ್ಲಿ ನಡೆಸುತ್ತಿದ್ದ ಸೈಕಲ್ಲಿನ ಅಂಗಡಿಯನ್ನು ಸೇರಿಕೊಂಡರು. ಅರ್ಹತೆಗೆ ಪುರಸ್ಕಾರವಿಲ್ಲದ ವ್ಯವಸ್ಥೆಯ ಕಹಿಯನ್ನು ಉಂಡವರಾದ್ದರಿಂದಲೇ ಇರಬಹುದು, ತಮ್ಮ ಕಾರಖಾನೆಗೆ ಜನರನ್ನು ಆರಿಸುವಾಗ ಅವರು ಪ್ರಮಾಣಪತ್ರವನ್ನು ನೋಡಲಿಲ್ಲ. ಮೇವು ಕತ್ತರಿಸುವ ಯಂತ್ರ, ತರುವಾಯ ಕಬ್ಬಿಣದ ನೇಗಿಲು ಅವರ ಮೊದಲ ಉತ್ಪನ್ನಗಳು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳು ಹಿಡಿದವು. ಊರಿನ ವಿಸ್ತರಣಕ್ಕಾಗಿ ಬೆಳಗಾವಿಯ ನಗರಸಭೆಯು ಅವರ ಕಾರಖಾನೆಯ ಜಾಗವನ್ನು ತೆರವು ಮಾಡಿಸಿದಾಗ, ಕಿರ್ಲೋಸ್ಕರವಾಡಿಯ ಕಳ್ಳಿಯ ಕಾಡಿಗೆ ಅವರ ಜೊತೆಯಲ್ಲಿ ಬಂದವರು ಸುಮಾರು ಇಪ್ಪತ್ತೈದು ಕೆಲಸಗಾರರು ಮತ್ತು ಅವರ ಸಂಸಾರಗಳು.

ಆ ಆದಿಮ ಕೂಟದ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಊರಿನ ವ್ಯವಸ್ಥೆ ರಾಮುಅಣ್ಣನವರದು. ಲೆಕ್ಕಪತ್ರಗಳು ಮಂಗೇಶರಾವ್ ರೇಗೆಯವರ ಪಾಲಿಗೆ. ಯಂತ್ರವಿದ್ಯೆಯಲ್ಲಿ ಶಂಭುಅಣ್ಣ ಜಾಂಭೇಕರರು ನಿಪುಣರು. ಯಾವ ಕೆಲಸಕ್ಕೂ ಒದಗುವವರು ಕೆ. ಕೆ. ಕುಲಕರ್ಣಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಅನಂತರಾವ್ ಫಳಣೀಕರರು ಅಲ್ಲಿ ಕಲ್ಪಕತೆಯುಳ್ಳ ಎಂಜಿನಿಯರರೇ ಆದರು. ಹಿಂದೆ ದರೋಡೆ ಮಾಡಿ ಶಿಕ್ಷೆ ಅನುಭವಿಸಿದ್ದವರನ್ನು ಕಾವಲಿಗೆ ನೇಮಿಸಿದ್ದರೆಂಬುದಂತೂ ಕಿರ್ಲೋಸ್ಕರವಾಡಿಯ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ಅಣ್ಣತಮ್ಮಂದಿರನ್ನು ಬಿಟ್ಟರೆ ಈ ಮೊದಲ ಸಾಲಿನಲ್ಲಿ ಹೆಚ್ಚಿನವರು ಮನೆತನದ ಹೊರಗಿನವರು. ಕಂಪನಿಯ ಅಡಿಪಾಯವನ್ನು ಹಾಕಿದ್ದು ಒಬ್ಬ ಕುಟುಂಬವಲ್ಲ, ಒಬ್ಬ ಪರೀಕ್ಷಕನ ಕಣ್ಣಿಗೆ ಬಿದ್ದ ಹಲವರು.

ಆದರೆ ಎರಡನೆಯ ತಲೆಮಾರಿಗೆ ಬರುವಷ್ಟರಲ್ಲಿ ಚಿತ್ರ ಬದಲಾಗುತ್ತದೆ. 1920ರಲ್ಲಿ ಕಿರ್ಲೋಸ್ಕರ ಬಂಧುಗಳ ಸಂಸ್ಥೆಯು ಲಿಮಿಟೆಡ್ ಕಂಪನಿಯಾಯಿತು, ಷೇರುದಾರರು ಬಂದರು. ಅದೇ ವರ್ಷ ಸೋದರಳಿಯನೋ ಮಗನೋ ಎಂಬ ಭೇದವೆಣಿಸದೆ ಮನೆಯ ತರುಣರಿಗೆ ಒಂದೊಂದು ಹೊಣೆ ಹಂಚುವ ಕ್ರಮವೂ ಕಾಣಿಸಿಕೊಂಡಿತು. ಶಂಕರರಾವ್ ಕಿರ್ಲೋಸ್ಕರರು ಕಾರಖಾನೆಯ ಸುದ್ದಿಪತ್ರಿಕೆಯಾಗಿ ಆರಂಭಿಸಿದ ‘ಕಿರ್ಲೋಸ್ಕರ ಖಬರ್’ ಮುಂದೆ ಮರಾಠಿಯ ಪ್ರಮುಖ ಮಾಸಪತ್ರಿಕೆಗಳಲ್ಲೊಂದಾಯಿತು. ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾಯರು (1903–1994) ಅಮೇರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಎಂಜಿನಿಯರರಾದರು. ನೇಗಿಲಿನ ಕಾರಖಾನೆಯೊಂದು ಆ ಕಾಲದಲ್ಲಿ ಮಗನನ್ನು ಸಾಗರದಾಚೆಗೆ ಕಳಿಸಿ ಕಲಿಸಿದ್ದು ಸಣ್ಣ ಸಾಹಸವಲ್ಲ. ಉತ್ತರಾಧಿಕಾರಿಯು ಹುಟ್ಟಿನಿಂದ ದೊರೆತರೂ ಅಧಿಕಾರವು ವಿದ್ಯೆಯಿಂದ ಬರಬೇಕೆಂಬುದು ತಂದೆಯ ಅಭಿಪ್ರಾಯವಾಗಿತ್ತೆಂದು ಇದರಿಂದ ಊಹಿಸಬಹುದು.

ಇಲ್ಲಿಂದ ಮುಂದೆ ಕಿರ್ಲೋಸ್ಕರರು ಅನುಸರಿಸಿದ ನೀತಿಯನ್ನು, ಅವರು ಹಾಗೆ ಹೆಸರಿಸಿರಲಿ ಇಲ್ಲದಿರಲಿ, ಕವಲೊಡೆಯುವ ನೀತಿಯೆಂದು ಕರೆಯಬಹುದು. ಒಂದೇ ಪೀಠಕ್ಕಾಗಿ ಅನೇಕರು ಹೋರಾಡುವುದಕ್ಕಿಂತ ಸಮರ್ಥನಾದ ಪ್ರತಿಯೊಬ್ಬನಿಗೂ ಹೊಸದೊಂದು ಪೀಠವನ್ನು ನಿರ್ಮಿಸಿಕೊಡುವುದು ಅದರ ತಿರುಳು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ ಎಂಬ ಯಂತ್ರೋಪಕರಣಗಳ ಕಾರಖಾನೆ ಹುಟ್ಟಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಂಪನಿ; ಅದರ ಹೊಣೆ ಶಂತನುರಾಯರ ತಮ್ಮ ರವಿ ಕಿರ್ಲೋಸ್ಕರರದು. ಅದೇ ವರ್ಷ ಪುಣೆಯ ಖಡಕಿಯಲ್ಲಿ ಡೀಸೆಲ್ ಎಂಜಿನ್ನುಗಳ ಕಂಪನಿ, ಅದು ಶಂತನುರಾಯರದು. 1958ರಲ್ಲಿ ನ್ಯೂಮ್ಯಾಟಿಕ್ ಕಂಪನಿ. 1962ರಲ್ಲಿ ಅಮೇರಿಕೆಯ ಕಮಿನ್ಸ್ ಸಂಸ್ಥೆಯೊಡನೆ ಕೂಡಿ ಕೊಥರೂಡಿನಲ್ಲಿ ಮತ್ತೊಂದು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡಾಗ ಸಂಸ್ಥೆಯು ಒಡೆಯಲಿಲ್ಲ, ಒಡೆಯಬೇಕಾದ ಪ್ರಸಂಗವೇ ಬರಲಿಲ್ಲ. ಅಷ್ಟರಲ್ಲಿ ಮಕ್ಕಳು ತಂತಮ್ಮ ಊರುಗಳಲ್ಲಿ ನೆಲೆನಿಂತಿದ್ದರು. ಮಾಧವರಾಯನ ಚಿಕ್ಕಪ್ಪನಿಗೂ ಒಂದು ಪ್ರತ್ಯೇಕ ಕಾರಖಾನೆ ದೊರೆತಿದ್ದರೆ ಪೇಶ್ವೆಗಳ ಇತಿಹಾಸ ಬೇರೆಯಾಗುತ್ತಿತ್ತೇನೊ!

ಈ ನೀತಿಗೆ ಆ ಕಾಲದ ಕಾನೂನೂ ಒತ್ತಾಸೆಯಾಗಿತ್ತು. ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿಯಲ್ಲಿ ಒಂದು ಸಣ್ಣ ಪಾಲುದಾರಿಕೆಯ ಸಂಸ್ಥೆಯು ಹಲವು ದೊಡ್ಡ ಕಂಪನಿಗಳ ಆಡಳಿತವನ್ನು ಗುತ್ತಿಗೆಯಾಗಿ ಹಿಡಿಯಬಹುದಾಗಿತ್ತು. ಭಾರತದ ಬಹುತೇಕ ಉದ್ಯಮಿ ಮನೆತನಗಳು ತಮ್ಮ ಸ್ವಲ್ಪ ಷೇರುಗಳಿಂದಲೇ ದೊಡ್ಡ ಉದ್ಯಮಗಳನ್ನು ಹೀಗೆ ಕೈಯಲ್ಲಿಟ್ಟುಕೊಂಡಿದ್ದವು. 1970ರ ಏಪ್ರಿಲಿನಿಂದ ಆ ಪದ್ಧತಿ ರದ್ದಾಯಿತು. ಆ ಬಳಿಕ ಅಧಿಕಾರವು ನಿರ್ದೇಶಕ ಮಂಡಲಿಯ ಮೂಲಕ, ಷೇರುದಾರರ ಮತದ ಮೂಲಕ ಹರಿಯಬೇಕಾಯಿತು. ಮನೆಯ ಅಂಗಳದಲ್ಲಿ ತೀರ್ಮಾನವಾಗುತ್ತಿದ್ದ ವಿಷಯಗಳು ಸಭೆಯ ನಡಾವಳಿಯಲ್ಲಿ ಬರೆಯಲ್ಪಡತೊಡಗಿದವು.

ಕವಲೊಡೆಯುವ ನೀತಿಗೆ ಒಂದು ಮಿತಿಯಿದೆ. ಹೊಸ ಕ್ಷೇತ್ರಗಳು ತೆರೆದಿರುವ ತನಕ ಅದು ಅತ್ಯುತ್ತಮವಾದುದು. ಪ್ರತಿ ಕವಲಿಗೂ ಒಂದೇ ಹೆಸರು, ಒಂದೇ ಮುದ್ರೆ ಉಳಿದಾಗ, ಮತ್ತು ಒಬ್ಬರ ಹೊಲದ ಬದುವನ್ನು ದಾಟಿ ಇನ್ನೊಬ್ಬರು ಬೆಳೆಯಲು ಹೊರಟಾಗ, ಬೇರು ಯಾರದೆಂಬ ಪ್ರಶ್ನೆ ಏಳುತ್ತದೆ. ಶಂತನುರಾಯರ ತರುವಾಯ ಪುಣೆಯ ಕಂಪನಿಗಳು ಮೊಮ್ಮಕ್ಕಳ ತಲೆಮಾರಿಗೆ ಬಂದವು. 1997ರಲ್ಲಿ ಕಮಿನ್ಸ್ ಜೊತೆಗಿನ ಪಾಲುದಾರಿಕೆ ಮುಗಿದು, ಕಂಪನಿಯ ಹೆಸರಿನಿಂದ ಕಿರ್ಲೋಸ್ಕರ ಎಂಬ ಪದ ಹೋಯಿತು. 2009ರಲ್ಲಿ ಕುಟುಂಬದೊಳಗೆ ಒಂದು ಲಿಖಿತ ಒಡಂಬಡಿಕೆಯಾಯಿತು. ಅದರ ಅರ್ಥವೇನೆಂಬ ವಿಷಯದಲ್ಲಿಯೇ ವಿವಾದ ಹುಟ್ಟಿ, ನ್ಯಾಯಾಲಯಗಳನ್ನು ಹತ್ತಿ, 2021ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಸ್ಥಿಕೆಯ ದಾರಿಯನ್ನು ಸೂಚಿಸಿತು. ಯಾವ ಪಕ್ಷದ ವಾದ ಸರಿಯೆಂಬುದು ಇಲ್ಲಿ ಅಪ್ರಸ್ತುತ. ಲಕ್ಷ್ಮಣರಾಯರಿಗೂ ರಾಮುಅಣ್ಣನಿಗೂ ನಡುವೆ ಬರಹದ ಅಗತ್ಯವೇ ಬಿದ್ದಂತಿಲ್ಲವೆಂಬುದೂ, ನೂರು ವರ್ಷಗಳಲ್ಲಿ ಬರಹವೂ ಸಾಲದಾಯಿತೆಂಬುದೂ ಗಮನಾರ್ಹ.

ಕನ್ನಡಿಗರಿಗೆ ಹೆಚ್ಚು ನೋವಿನದು ಹರಿಹರದ ಕಥೆ. ಆ ಕಾರಖಾನೆಯ ಲೇತುಗಳು ದೇಶದಾದ್ಯಂತ ತಾಂತ್ರಿಕ ಶಾಲೆಗಳಲ್ಲಿಯೂ ಸಣ್ಣ ವರ್ಕ್‌ಶಾಪುಗಳಲ್ಲಿಯೂ ಸದ್ದು ಮಾಡುತ್ತಿದ್ದವು. 1991ರ ಬಳಿಕ ಆಮದಿನ ಬಾಗಿಲುಗಳು ತೆರೆದು, ಗಣಕಯಂತ್ರದಿಂದ ನಡೆಯುವ ಹೊಸ ಉಪಕರಣಗಳು ಬಂದಾಗ, ಅದು ಕಾಲದೊಡನೆ ಹೆಜ್ಜೆಯಿಡಲಾರದೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಅದೇ 1991ರಲ್ಲಿ ಹರಿಹರದ ಯಂತ್ರಾಪುರದಲ್ಲಿ ಕಿರ್ಲೋಸ್ಕರ ಸಮೂಹವು ಉನ್ನತ ಆಡಳಿತಶಾಸ್ತ್ರದ ಶಿಕ್ಷಣಸಂಸ್ಥೆಯೊಂದನ್ನು ಸ್ಥಾಪಿಸಿತ್ತು. ವ್ಯವಸ್ಥಾಪಕರನ್ನು ತಯಾರಿಸುವ ಶಾಲೆ ಉಳಿಯಿತು. ಯಂತ್ರಗಳನ್ನು ತಯಾರಿಸುವ ಕಾರಖಾನೆ ಹೋಯಿತು.

ಮನೆತನದ ದಾರಿಯಲ್ಲದೆ ಸರಕಾರದ ದಾರಿಯೊಂದನ್ನು ಕನ್ನಡನಾಡು ಕಂಡಿತ್ತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಕಲಿತು ಮುಂಬಯಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದ ವಿಶ್ವೇಶ್ವರಯ್ಯನವರು 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆಯ ಮಂಡಲಿಗೆ ಅಧ್ಯಕ್ಷರಾದಾಗ, ಅಲ್ಲಿಯ ಮೇಲಿನ ಹುದ್ದೆಗಳಲ್ಲಿ ವಿದೇಶೀಯರಿದ್ದರು. ಅವರ ಸ್ಥಾನಗಳಿಗೆ ಮೈಸೂರಿನ ತರುಣರನ್ನು ಪಳಗಿಸಿ ಕೂರಿಸುವುದನ್ನು ಅವರು ಆರ್ಥಿಕ ಸುಧಾರಣೆಯ ಒಂದು ಅಂಗವನ್ನಾಗಿಯೇ ಮಾಡಿಕೊಂಡರು. ಕಾರಖಾನೆಯನ್ನು ನಡೆಸಬಲ್ಲ ಸ್ಥಳೀಯರನ್ನು ತಯಾರು ಮಾಡುವುದೂ ಉತ್ಪಾದನೆಯೇ ಎಂಬ ಈ ದೃಷ್ಟಿ ಆ ಕಾಲಕ್ಕೆ ಅಪರೂಪದ್ದು.

ಕಿರ್ಲೋಸ್ಕರರು ಕನ್ನಡನಾಡಿನಿಂದ ಹೊರಟು ಪುಣೆಯನ್ನು ಸೇರಿದರೆ, ಇನ್ನೊಂದು ಕಂಪನಿ ಪುಣೆಯಲ್ಲಿ ಹುಟ್ಟಿ ಬೆಂಗಳೂರನ್ನು ಸೇರಿತು. 1981ರ ಜುಲೈಯಲ್ಲಿ ಶಿಡ್ಲಘಟ್ಟದ ನಾರಾಯಣಮೂರ್ತಿಯವರೂ ಅವರ ಆರು ಮಂದಿ ಜೊತೆಗಾರರೂ ಪುಣೆಯಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಆರಂಭಿಸಿದರು. ಮೂಲಧನವಾದ ಹತ್ತು ಸಾವಿರ ರೂಪಾಯಿಗಳನ್ನು ಕೊಟ್ಟವರು, ಪುಣೆಯ ಟೆಲ್ಕೋದಲ್ಲಿ ಎಂಜಿನಿಯರರಾಗಿದ್ದ ಪತ್ನಿ ಸುಧಾ ಅವರು. (ಔಂಧದ ಅರಸರು ಕೊಟ್ಟ ಮೊತ್ತವೂ ಅಷ್ಟೇ, ಎಪ್ಪತ್ತು ವರ್ಷಗಳಲ್ಲಿ ರೂಪಾಯಿಯ ಬೆಲೆ ಎಷ್ಟು ಇಳಿದಿತ್ತೆಂಬುದು ಬೇರೆ ಮಾತು.) 1983ರಲ್ಲಿ ಸಂಸ್ಥೆ ಬೆಂಗಳೂರಿಗೆ ಸ್ಥಳಾಂತರವಾಯಿತು. ಇದರ ಸ್ಥಾಪಕರು ಕಿರ್ಲೋಸ್ಕರರಿಗೆ ತೀರ ವಿರುದ್ಧವಾದ ನಿಯಮವನ್ನು ತಮಗೆ ವಿಧಿಸಿಕೊಂಡರು: ಮಕ್ಕಳಿಗೆ ಪೀಠವಿಲ್ಲ. ಸ್ಥಾಪಕರೇ ಸರದಿಯ ಮೇಲೆ ಮುಖ್ಯಾಧಿಕಾರಿಗಳಾದರು. ಮೂರ್ತಿಯವರ ಅನಂತರ 2002ರಲ್ಲಿ ನಂದನ ನೀಲೇಕಣಿ, 2007ರಲ್ಲಿ ಕ್ರಿಸ್ ಗೋಪಾಲಕೃಷ್ಣನ್, 2011ರಲ್ಲಿ ಶಿಬುಲಾಲ್. 2001ರಲ್ಲಿಯೇ ಮೈಸೂರಿನಲ್ಲಿ ನಾಯಕತ್ವದ ತರಬೇತಿಗೆಂದು ಪ್ರತ್ಯೇಕ ಸಂಸ್ಥೆಯೊಂದನ್ನು ತೆರೆದಿದ್ದರು.

ನೋಡಲು ಇದು ನಿರ್ದೋಷವಾದ ಯೋಜನೆ. ಆದರೆ ಇದರೊಳಗೊಂದು ಬಿರುಕು ಅಡಗಿತ್ತು. ಸ್ಥಾಪಕರು ಒಬ್ಬರಾದ ಮೇಲೊಬ್ಬರು ಪೀಠವೇರುತ್ತಿದ್ದ ವರ್ಷಗಳಲ್ಲಿ, ಅವರ ಕೈಕೆಳಗೆ ಬೆಳೆದ ಸಮರ್ಥರು ತಮ್ಮ ಸರದಿ ಎಂದು ಬರುವುದೆಂದು ಕಾಯಬೇಕಾಯಿತು. ಕೆಲವರು ಹೊರಗೆ ಹೋದರು. ಹೊರಗಿನವರಿಗೆ ಎಡೆಯಾಗುವ ವೇಳೆಗೆ ಒಳಗಿನವರ ಸಾಲು ತೆಳುವಾಗಿತ್ತು. 2013ರ ಜೂನಿನಲ್ಲಿ ಮೂರ್ತಿಯವರು ನಿವೃತ್ತಿಯಿಂದ ಹಿಂದಿರುಗಬೇಕಾಯಿತು. ಮಗನನ್ನು ಸಹಾಯಕನಾಗಿ ಜೊತೆಗೆ ಕರೆತಂದದ್ದು ಅವರದೇ ನಿಯಮವನ್ನು ನೆನಪಿಸಿ ಟೀಕೆಗೆ ಕಾರಣವಾಯಿತು. ಮರುವರ್ಷ ಇಬ್ಬರೂ ಹೊರಬಂದರು. 2014ರ ಆಗಸ್ಟಿನಲ್ಲಿ ವಿಶಾಲ ಸಿಕ್ಕಾ ಅವರು ಸ್ಥಾಪಕರಲ್ಲದ ಮೊದಲ ಮುಖ್ಯಾಧಿಕಾರಿಯಾದರು. ಆಡಳಿತದ ರೀತಿನೀತಿಗಳ ಬಗ್ಗೆ ಮೂರ್ತಿಯವರಿಗೂ ನಿರ್ದೇಶಕ ಮಂಡಲಿಗೂ ಬಹಿರಂಗವಾದ ಭಿನ್ನಾಭಿಪ್ರಾಯ ಬೆಳೆದು, 2017ರ ಆಗಸ್ಟಿನಲ್ಲಿ ಸಿಕ್ಕಾ ರಾಜೀನಾಮೆ ಕೊಟ್ಟರು. ಅದೇ ತಿಂಗಳು ನೀಲೇಕಣಿಯವರು ಅಧ್ಯಕ್ಷರಾಗಿ ಮರಳಿದರು. 2018ರ ಜನವರಿಯಲ್ಲಿ ಸಲಿಲ್ ಪಾರೇಖ್ ಮುಖ್ಯಾಧಿಕಾರಿಯಾದರು. ರಕ್ತಸಂಬಂಧವನ್ನು ಹೊರಗಿಟ್ಟರೂ ಜನಕಸಂಬಂಧವನ್ನು ಹೊರಗಿಡುವುದು ಸುಲಭವಲ್ಲ. ಕಟ್ಟಿದವನು ಪೀಠದಿಂದ ಇಳಿದರೂ ಮನೆಯ ಮೂಲೆಯಲ್ಲಿ ಕೂತು ನೋಡುತ್ತಲೇ ಇರುತ್ತಾನೆ. ಕಿರ್ಲೋಸ್ಕರರ ಮಕ್ಕಳಿಗೆ ಬೇರೆ ಊರುಗಳಿದ್ದವು. ಇನ್ಫೋಸಿಸ್ಸಿನ ಉತ್ತರಾಧಿಕಾರಿಗೆ ಇದ್ದುದು ಒಂದೇ ಅಂಗಳ.

ರಾಂಜಣಗಾಂವದ ಕಾರಖಾನೆಗಳಲ್ಲಿ ಇಂಥ ಜನಕನೇ ಕಣ್ಣಿಗೆ ಬೀಳುವುದಿಲ್ಲ. ಫಿಯೆಟ್ ಕಾರುಗಳು ಮುಂಬಯಿಯಲ್ಲಿ ತಯಾರಾಗತೊಡಗಿದ್ದು ವಾಲಚಂದ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯ ಮೂಲಕ. ಇದೇ ವಾಲಚಂದರು 1940ರಲ್ಲಿ ಮೈಸೂರು ಸರಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಹುಟ್ಟಿಸಿದವರು. ಕಾಲಾನಂತರದಲ್ಲಿ ಫಿಯೆಟ್ ಸ್ವತಃ ರಾಂಜಣಗಾಂವಕ್ಕೆ ಬಂದಿತು. 2007ರಲ್ಲಿ ಟಾಟಾ ಸಂಸ್ಥೆಯೊಡನೆ ಸಮಪಾಲಿನ ಕೂಡುಸಂಸ್ಥೆಯಾಯಿತು. 2017ರಿಂದ ಜೀಪ್ ಕಂಪಾಸ್ ಎಂಬ ವಾಹನ ಅಲ್ಲಿ ತಯಾರಾಗತೊಡಗಿತು. ಅಷ್ಟರಲ್ಲಿ ದೂರದ ಮೂಲ ಕಂಪನಿಯ ಹೆಸರು 2014ರಲ್ಲಿ ಫಿಯೆಟ್ ಕ್ರೈಸ್ಲರ್, 2021ರಲ್ಲಿ ಸ್ಟೆಲಾಂಟಿಸ್ ಎಂದು ಎರಡು ಸಲ ಬದಲಾಯಿತು. 2004ರಿಂದ ಅದನ್ನು ನಡೆಸುತ್ತಿದ್ದ ಸೆರ್ಜಿಯೊ ಮಾರ್ಕಿಯೋನೆ 2019ರಲ್ಲಿ ಇಳಿಯುವೆನೆಂದು ಹೇಳಿದ್ದರು; 2018ರ ಜುಲೈಯಲ್ಲಿ ಹಠಾತ್ತಾಗಿ ಹಾಸಿಗೆ ಹಿಡಿದು ತೀರಿಕೊಂಡರು. ಮಂಡಲಿಯು ಕೆಲವೇ ದಿನಗಳ ಅವಧಿಯಲ್ಲಿ ಜೀಪ್ ವಿಭಾಗದ ಮುಖ್ಯಸ್ಥ ಮೈಕ್ ಮ್ಯಾನ್ಲಿಯವರನ್ನು ಆರಿಸಿತು. ಅವರ ಅನಂತರ ಕಾರ್ಲೋಸ್ ತವಾರೆಸ್ ಬಂದು 2024ರ ಡಿಸೆಂಬರಿನಲ್ಲಿ ಹೋದರು. 2025ರಲ್ಲಿ ಆಂಟೋನಿಯೊ ಫಿಲೋಸಾ ಬಂದರು. ಏಳು ವರ್ಷಗ‌ಳೊಳಗೆ ಇಷ್ಟು ಪಟ್ಟಾಭಿಷೇಕಗಳಾದರೂ ಕಾರಖಾನೆಯ ಭೋಂಗಾ ನಿಲ್ಲಲಿಲ್ಲ. ಸಿದ್ಧವಾದ ಪ್ರತಿಭೆಯ ಸಾಲು ದೊಡ್ಡದಾಗಿದ್ದಷ್ಟೂ ಉತ್ತರಾಧಿಕಾರದ ಆಘಾತ ಕಡಿಮೆಯೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಸಾಲಿನ ತುದಿ ಟುರಿನ್, ಡೆಟ್ರಾಯಿಟ್ ನಗರಗಳಲ್ಲಿದೆ. ಶಿರೂರು ತಾಲೂಕಿನ ಹುಡುಗನೊಬ್ಬನೊ, ವಿಜಾಪುರದಿಂದ ಬಂದ ಎಂಜಿನಿಯರನೊಬ್ಬನೊ ಅದರಲ್ಲಿ ಎಷ್ಟು ಮುಂದೆ ಬರಬಲ್ಲನೆಂಬುದಕ್ಕೆ ವಿಶ್ವೇಶ್ವರಯ್ಯನವರಂಥ ಹೊಣೆಗಾರರು ಅಲ್ಲಿ ಯಾರೂ ಇಲ್ಲ.

ಈ ಎರಡು ಕ್ರಮಗಳೂ, ಮನೆತನ ಮತ್ತು ದೂರದ ಮಂಡಲಿ, ಒಂದೇ ಸೂರಿನ ಕೆಳಗೆ ಇರುವ ನಿದರ್ಶನ ಬೆಂಗಳೂರಿನ ಬಳಿಯ ಬಿಡದಿಯಲ್ಲಿದೆ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ ಮೋಟಾರು ಕಂಪನಿಯಲ್ಲಿ ಬಹುಪಾಲು ಷೇರುಗಳು ಜಪಾನಿನವರವು. ಆಡಳಿತ ನಿರ್ದೇಶಕರು ಅಲ್ಲಿಂದಲೇ ಬರುತ್ತಾರೆ. ಶಂತನುರಾಯರ ಮೊಮ್ಮಗ ವಿಕ್ರಮ ಕಿರ್ಲೋಸ್ಕರರು ಅದರ ಉಪಾಧ್ಯಕ್ಷರಾಗಿದ್ದು, 2022ರ ನವೆಂಬರಿನಲ್ಲಿ ಅನಿರೀಕ್ಷಿತವಾಗಿ ತೀರಿಕೊಂಡರು. ಎರಡು ತಿಂಗಳೊಳಗೆ, 2023ರ ಜನವರಿಯಲ್ಲಿ, ಅವರ ಮಗಳು ಮಾನಸಿಯವರು ಆ ಸ್ಥಾನಕ್ಕೆ ಬಂದರು. ಗುರ್ಲಹೊಸೂರಿನ ಆ ಸೈಕಲ್ಲು ವ್ಯಾಪಾರಿಗೆ ಅವರು ಐದನೆಯ ತಲೆಮಾರಿನವರು.